ಗುಜರಿಗೆ ಹಾಕುವ ಮುನ್ನ ಗಣಕಯಂತ್ರದ ಕಳೆ ತೆಗೆಯಿರಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಣಕಯಂತ್ರದ ನೆರವಿಲ್ಲದೆ ನಡೆಯುವ ಸಾರ್ವಜನಿಕ ಕಾರ್ಯಗಳು ಇಂದು ವಿರಳವಾಗಿವೆ. ಪ್ರೌಢಶಾಲೆ, ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ಪತ್ತಿನ ಸಹಕಾರ ಸಂಘ, ರೈತ ಸಂಪರ್ಕ ಕೇಂದ್ರ, ಗ್ರಂಥಾಲಯ ಹೀಗೆ ಎಲ್ಲೆಡೆಯೂ ಮೇಜಿನ ಮೇಲೆ ಗಣಕಯಂತ್ರ ಬಂದು ಕುಳಿತಿದೆ. ಆದರೆ ಐದಾರು ವರ್ಷ ಕಳೆಯುವಷ್ಟರಲ್ಲಿ ‘ಬಹಳ ನಿಧಾನ’, ‘ಡಿಸ್ಕ್ ತುಂಬಿದೆ’, ‘ಅಪ್‌ಡೇಟ್ ಆಗುತ್ತಿಲ್ಲ’ ಎಂಬ ದೂರುಗಳೊಂದಿಗೆ ಅದು ಮೂಲೆ ಸೇರುತ್ತದೆ. ಕೆಲಕಾಲ ಧೂಳು ತಿಂದು, ಕೊನೆಗೊಂದು ದಿನ ಗುಜರಿಯವನ ತಕ್ಕಡಿಯನ್ನೇರುತ್ತದೆ.

ಹೀಗೆ ಮೂಲೆ ಸೇರಿದ ಯಂತ್ರಗಳಲ್ಲಿ ಅನೇಕವುಗಳ ಬಿಡಿಭಾಗಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಹಳತಾಗಿರುವುದು ಅದರೊಳಗೆ ಪದರಪದರವಾಗಿ ಕೂಡಿಕೊಂಡಿರುವ ವ್ಯವಸ್ಥಾ ತಂತ್ರಾಂಶ. ಈ ಪದರಗಳನ್ನು ಕ್ರಮವರಿತು ತೆಗೆದುಹಾಕಿದರೆ ಯಂತ್ರದ ಆಯುಷ್ಯ ಹಲವು ವರ್ಷ ಹೆಚ್ಚುತ್ತದೆ. ಇದು ಕೇವಲ ತಂತ್ರಜ್ಞರ ಕೆಲಸವೆಂದು ಪರಿಸರ ಚಳವಳಿ ದೂರ ನಿಲ್ಲುವುದು ಸರಿಯಲ್ಲ. ಕೆರೆಯ ಹೂಳೆತ್ತುವುದು ಹೇಗೆ ಊರಿನ ಕೆಲಸವೋ ಗಣಕಯಂತ್ರದ ಹೂಳೆತ್ತುವುದೂ ಹಾಗೆಯೇ ಊರಿನ ಕೆಲಸವಾಗಬೇಕಾಗಿದೆ.

ಕೊಳ್ಳಲು ಹಣ, ಕಾಯಲು ಇಲ್ಲ

ಹಳ್ಳಿಗಳಿಗೆ ಗಣಕಯಂತ್ರಗಳು ಬಂದುದು ಯೋಜನೆಗಳ ಮೂಲಕ. ಸರ್ಕಾರಿ ಪ್ರೌಢಶಾಲೆಗಳಿಗೆಂದು ರಾಜ್ಯದಲ್ಲಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆ ಆರಂಭವಾಯಿತು. ಕೇಂದ್ರ ಸರ್ಕಾರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ 2004ರ ಡಿಸೆಂಬರಿನಲ್ಲಿ ಪ್ರಾರಂಭಗೊಂಡು 2010ರಲ್ಲಿ ಪರಿಷ್ಕೃತವಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2022ರ ಜೂನ್ ತಿಂಗಳಿನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಮಂಜೂರಾತಿ ದೊರೆಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂದು ಹೆಸರು ಬದಲಿಸಿಕೊಂಡಾಗ ಅಲ್ಲಿಗೂ ಗಣಕಯಂತ್ರಗಳು ಬಂದವು.

ಈ ಯೋಜನೆಗಳೆಲ್ಲವೂ ಸ್ವಾಗತಾರ್ಹವೇ. ಆದರೆ ಖರೀದಿಗೆ ಸಿಕ್ಕ ಗಮನ ಪಾಲನೆಗೆ ಸಿಗಲಿಲ್ಲ. ಶಾಲಾ ಯೋಜನೆಯಲ್ಲಿ ಖಾಸಗಿ ಸಂಸ್ಥೆಯೊಂದು ಪ್ರಯೋಗಾಲಯವನ್ನು ಸ್ಥಾಪಿಸಿ, ಐದು ವರ್ಷ ನಡೆಸಿ, ಬಳಿಕ ಶಾಲೆಗೆ ಒಪ್ಪಿಸಿ ಹೋಗುವ ಪದ್ಧತಿಯೂ ಇತ್ತು. ಗುತ್ತಿಗೆ ಮುಗಿದ ಮರುದಿನದಿಂದ ಆ ಯಂತ್ರಗಳ ಯೋಗಕ್ಷೇಮ ಯಾರದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಪಂಪ್‌ಸೆಟ್ ಕೆಟ್ಟರೆ ರಿಪೇರಿ ಮಾಡುವವನು ಹೋಬಳಿಯಲ್ಲಿದ್ದಾನೆ. ಗಣಕಯಂತ್ರ ನಿಧಾನವಾದರೆ ಮಾತ್ರ ‘ಹೊಸದು ಬರಲಿ’ ಎಂದು ಕಾಯುವುದೇ ರೂಢಿಯಾಗಿಬಿಟ್ಟಿದೆ.

ಈ ಕಾಯುವಿಕೆಯ ನಷ್ಟವನ್ನು ಹೊರುವವರು ವಿದ್ಯಾರ್ಥಿಗಳು. ಕಾಡಂಚಿನ ಹಾಡಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬೇಕಾದರೆ ಪಂಚಾಯಿತಿಯ ಗ್ರಂಥಾಲಯವೇ ಹತ್ತಿರದ ಆಸರೆ. ಅಲ್ಲಿನ ಯಂತ್ರ ನಿಂತರೆ ಅವಳು ಒಂದು ದಿನದ ಕೂಲಿಯನ್ನೋ ತರಗತಿಯನ್ನೋ ಬಿಟ್ಟು, ಬಸ್ಸಿನ ಖರ್ಚು ತೆತ್ತು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗುತ್ತದೆ.

ಹೂಳು ತುಂಬುವ ಬಗೆ

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಉಬುಂಟು, ಡೆಬಿಯನ್ ಮುಂತಾದವು ಈ ಜಾತಿಗೆ ಸೇರಿದವು. ಉಬುಂಟು ಮತ್ತು ಡೆಬಿಯನ್‌ಗಳು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಕುಟುಂಬಕ್ಕೆ ಸೇರಿವೆ. ಇವುಗಳಿಗೆ ಪರವಾನಗಿ ಶುಲ್ಕವಿಲ್ಲ. ಲಿನಕ್ಸ್ ವ್ಯವಸ್ಥೆಯು ನೂರಾರು, ಸಾವಿರಾರು ಸಣ್ಣ ಪೊಟ್ಟಣಗಳ ಜೋಡಣೆ. ಇವುಗಳನ್ನು ಪ್ಯಾಕೇಜ್‌ಗಳೆನ್ನುತ್ತಾರೆ. ಒಂದು ಪ್ಯಾಕೇಜ್ ಕೆಲಸ ಮಾಡಲು ಇನ್ನು ನಾಲ್ಕಾರು ಪ್ಯಾಕೇಜ್‌ಗಳ ಆಸರೆ ಬೇಕಾಗುತ್ತದೆ. ಮುಖ್ಯ ಪ್ಯಾಕೇಜನ್ನು ತೆಗೆದುಹಾಕಿದರೂ ಆಸರೆಗೆಂದು ಬಂದವು ಉಳಿದುಬಿಡುತ್ತವೆ. ಹೊಸ ಆವೃತ್ತಿಯನ್ನು ಸ್ಥಾಪಿಸಿದ ಮೇಲೂ ಇಳಿಸಿಕೊಂಡ ಪೊಟ್ಟಣದ ಪ್ರತಿ ಡಿಸ್ಕ್‌ನಲ್ಲಿ ಬಿದ್ದಿರುತ್ತದೆ. ಗೊಬ್ಬರ ಎರಚಿದ ಮೇಲೆ ಖಾಲಿ ಚೀಲಗಳು ಕಣದಲ್ಲಿ ಉಳಿಯುವಂತೆ.

ಇವೆಲ್ಲಕ್ಕಿಂತ ಭಾರವಾದುದು ವ್ಯವಸ್ಥೆಯ ತಿರುಳಾದ ಕರ್ನೆಲ್. ಹೊಸ ಕರ್ನೆಲ್ ಬಂದಾಗ ಹಳೆಯದು ತಕ್ಷಣ ಅಳಿಯುವುದಿಲ್ಲ. ಒಂದೊಂದೂ ನೂರಾರು ಮೆಗಾಬೈಟ್ ಜಾಗವನ್ನು ಆಕ್ರಮಿಸುತ್ತದೆ. ಯಂತ್ರವನ್ನು ಚಾಲೂ ಮಾಡುವ ಕಡತಗಳಿಗೆ ಪ್ರತ್ಯೇಕವಾದ ಚಿಕ್ಕ ವಿಭಾಗವನ್ನು ಇಟ್ಟಿದ್ದ ಪಕ್ಷದಲ್ಲಿ ಕೆಲವೇ ಕರ್ನೆಲ್‌ಗಳಿಂದ ಅದು ತುಂಬಿ, ಮುಂದಿನ ಪರಿಷ್ಕರಣೆ ಅರ್ಧದಲ್ಲಿ ನಿಂತುಬಿಡುತ್ತದೆ. ಉಳಿದ ಡಿಸ್ಕ್ ಬಹುಪಾಲು ಖಾಲಿಯಿದ್ದರೂ ಯಂತ್ರ ‘ಜಾಗವಿಲ್ಲ’ ಎನ್ನುವುದು ಈ ಕಾರಣದಿಂದ.

ವಿಂಡೋಸ್‌ನಲ್ಲಿಯೂ ಕಥೆ ಬೇರೆಯಲ್ಲ. ಪ್ರತಿ ಪರಿಷ್ಕರಣೆಯ ಹಳೆಯ ಅಂಶಗಳು ಒಂದೆಡೆ ಶೇಖರವಾಗುತ್ತವೆ. ದೊಡ್ಡ ಆವೃತ್ತಿ ಬದಲಾದಾಗ ಹಿಂದಿನ ಇಡೀ ವ್ಯವಸ್ಥೆಯ ಪ್ರತಿ ಕೆಲವು ದಿನ ಡಿಸ್ಕ್‌ನಲ್ಲಿಯೇ ಇರುತ್ತದೆ.

ಹಳತಾದ ಪ್ಯಾಕೇಜ್‌ಗಳಿಂದ ಜಾಗ ಹೋಗುವುದಷ್ಟೇ ಅಲ್ಲ, ಭದ್ರತೆಯೂ ಹೋಗುತ್ತದೆ. 2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಮಿಕ್ಕಿದ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಪರಿಹಾರವನ್ನು ಹಾಕಿಕೊಳ್ಳದೆ ಬಿಟ್ಟ ಯಂತ್ರಗಳು ಬಲಿಯಾದವು. ಗ್ರಾಮಸ್ಥರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆಯ ವಿವರಗಳು ತುಂಬಿರುವ ಪಂಚಾಯಿತಿ, ಸಹಕಾರ ಸಂಘಗಳ ಯಂತ್ರಗಳಿಗೆ ಈ ಪಾಠ ಅನ್ವಯಿಸುತ್ತದೆ. ಜಾಗವಿಲ್ಲದ ಯಂತ್ರ ಪರಿಷ್ಕರಣೆಯನ್ನು ಪಡೆಯಲಾರದು. ಪರಿಷ್ಕರಣೆಯಿಲ್ಲದ ಯಂತ್ರ ಊರಿನ ಮಾಹಿತಿಯನ್ನು ಕಾಯಲಾರದು.

ಕಳೆ ತೆಗೆಯುವ ಕ್ರಮ

ರಾಗಿ ಹೊಲದಲ್ಲಿ ಕಳೆ ಕೀಳುವವರಿಗೆ ಪೈರು ಯಾವುದು, ಕಳೆ ಯಾವುದು ಎಂಬ ತಿಳಿವಳಿಕೆ ಮೊದಲು ಇರಬೇಕು. ಇಲ್ಲಿಯೂ ಅಷ್ಟೇ. ಮೊದಲ ಕೆಲಸ ಊರಿನ ಹಾಗೂ ಶಾಲೆಯ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ನಕಲು ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸುವುದು. ಇದಾಗದೆ ಮುಂದಿನ ಹೆಜ್ಜೆಯನ್ನು ಇಡಬಾರದು. ಕರೆಂಟು ಹೋಗುವ ವೇಳೆಯನ್ನು ತಪ್ಪಿಸಬೇಕು, ಇಲ್ಲವೇ ಯುಪಿಎಸ್ ಇರಬೇಕು. ಪ್ಯಾಕೇಜ್ ಬದಲಾಗುತ್ತಿರುವಾಗ ಯಂತ್ರ ಆರಿದರೆ ವ್ಯವಸ್ಥೆ ಅರೆಬರೆಯಾಗಿ ನಿಲ್ಲುತ್ತದೆ.

ಎರಡನೆಯದು ಯಾವ ವಿಭಾಗ ತುಂಬಿದೆಯೆಂದು ನೋಡುವುದು. ಅನೇಕ ವೇಳೆ ಅಪರಾಧಿ ವ್ಯವಸ್ಥಾ ತಂತ್ರಾಂಶವಾಗಿರದೆ, ಯಾರೋ ತುಂಬಿಸಿಟ್ಟ ಸಿನಿಮಾಗಳಾಗಿರುತ್ತವೆ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್‌ಗಳ ಮೇಲ್ವಿಚಾರಣೆ ಮಾಡುವ ಸಾಧನ ‘ಆಪ್ಟ್’. ಅದರ ‘ಕ್ಲೀನ್’ ಆದೇಶ ಇಳಿಸಿಕೊಂಡ ಪೊಟ್ಟಣಗಳ ಪ್ರತಿಗಳನ್ನು ಅಳಿಸುತ್ತದೆ. ಇದರಿಂದ ಸ್ಥಾಪಿತ ತಂತ್ರಾಂಶಕ್ಕೆ ಯಾವ ಬಾಧೆಯೂ ಇಲ್ಲ. ‘ಆಟೋರಿಮೂವ್’ ಆದೇಶ ಯಾರಿಗೂ ಆಸರೆಯಾಗಿ ಉಳಿದಿರದ ಅನಾಥ ಪ್ಯಾಕೇಜ್‌ಗಳನ್ನೂ ಹಳೆಯ ಕರ್ನೆಲ್‌ಗಳನ್ನೂ ತೆಗೆಯುತ್ತದೆ. ಆದರೆ ಅದು ತೋರಿಸುವ ಪಟ್ಟಿಯನ್ನು ಓದದೆ ಸಮ್ಮತಿ ನೀಡಬಾರದು. ಪಟ್ಟಿಯಲ್ಲಿ ಕನ್ನಡ ಕೀಲಿಮಣೆ, ಮುದ್ರಕದ ತಂತ್ರಾಂಶ ಅಥವಾ ಪರದೆಯ ಮುಖ್ಯ ಪ್ಯಾಕೇಜ್‌ಗಳು ಕಂಡುಬಂದರೆ ಅಲ್ಲಿಯೇ ನಿಲ್ಲಿಸಿ, ತಿಳಿದವರನ್ನು ಕೇಳಬೇಕು.

ಕರ್ನೆಲ್ ವಿಷಯದಲ್ಲಿ ನಿಯಮವೊಂದಿದೆ. ಈಗ ನಡೆಯುತ್ತಿರುವುದು ಹಾಗೂ ಅದರ ಹಿಂದಿನದೊಂದು ಉಳಿಯಬೇಕು, ಉಳಿದವು ಹೋಗಬಹುದು. ಹೊಸ ತಳಿಯನ್ನು ಬಿತ್ತಿದ ರೈತ, ಅದು ಕೈಹಿಡಿಯುವವರೆಗೆ ಹಳೆಯ ಬಿತ್ತನೆಯನ್ನು ಕೊಂಚ ಉಳಿಸಿಕೊಳ್ಳುವುದಿಲ್ಲವೇ? ಹೊಸ ಕರ್ನೆಲ್ ಯಂತ್ರಕ್ಕೆ ಹೊಂದದಿದ್ದಾಗ ಹಿಂದಿನದರಿಂದ ಚಾಲೂ ಮಾಡಲು ಸಾಧ್ಯವಾಗುವುದು ಈ ಎಚ್ಚರದಿಂದ. ಇವನ್ನು ಆಪ್ಟ್ ಮೂಲಕವೇ ತೆಗೆಯಬೇಕೇ ವಿನಾ, ಕಡತಗಳನ್ನು ಕೈಯಾರೆ ಹುಡುಕಿ ಅಳಿಸಕೂಡದು. ವ್ಯವಸ್ಥೆಯ ದಿನಚರಿ ಕಡತಗಳು ಕೂಡ ಕಾಲಾನಂತರದಲ್ಲಿ ಗಿಗಾಬೈಟ್‌ಗಳಷ್ಟು ಬೆಳೆಯಬಲ್ಲವು. ಅವಕ್ಕೊಂದು ಮಿತಿಯನ್ನು ಹಾಕಬಹುದು.

ವಿಂಡೋಸ್ ಇದ್ದರೆ ಅದರಲ್ಲಿಯೇ ಇರುವ ‘ಡಿಸ್ಕ್ ಕ್ಲೀನಪ್’ ಸಾಕು. ವಿಂಡೋಸ್ ಫೋಲ್ಡರ್‌ನೊಳಗೆ ಕೈಹಾಕಿ ಅಳಿಸಿದರೆ ವ್ಯವಸ್ಥೆ ಮುರಿದುಬೀಳಬಹುದು. ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ‘ರಿಜಿಸ್ಟ್ರಿ ಕ್ಲೀನರ್’ಗಳ ಬಳಕೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಬೆಂಬಲಿಸುವುದಿಲ್ಲ. ಸ್ವಚ್ಛಗೊಳಿಸುವ ನೆಪದಲ್ಲಿ ಜಾಹೀರಾತಿನ ಕಸವನ್ನು ತುಂಬುವ ತಂತ್ರಾಂಶಗಳೂ ಇವುಗಳ ನಡುವೆ ಇವೆ.

ಇನ್ನೊಂದು ಸಣ್ಣ ಸಂಗತಿ. ಯಂತ್ರದ ಒಳಗೆ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ ಯಂತ್ರದ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ವೆಂದು ಯಂತ್ರ ತಿಳಿಯುತ್ತದೆ; ತಾಣಗಳು ತೆರೆಯುವುದಿಲ್ಲ, ಪರಿಷ್ಕರಣೆಯೂ ಸೋಲುತ್ತದೆ. ‘ಇಂಟರ್‌ನೆಟ್ ಬರುತ್ತಿಲ್ಲ, ಯಂತ್ರ ಹಳತಾಯಿತು’ ಎಂಬ ತೀರ್ಮಾನಕ್ಕೆ ಬರುವ ಮೊದಲು ಪರದೆಯ ಮೂಲೆಯ ದಿನಾಂಕವನ್ನು ನೋಡಬೇಕು. ‘ಸಿಆರ್ 2032’ ಎಂಬ ಆ ಬ್ಯಾಟರಿಗೆ ತಗಲುವುದು ಕೆಲವೇ ಹತ್ತು ರೂಪಾಯಿಗಳು.

ಹಳತೆಲ್ಲವೂ ಕಸವಲ್ಲ

ಶುಚಿಗೊಳಿಸುವ ಉತ್ಸಾಹದಲ್ಲಿ ಕನ್ನಡದ ಹಳ್ಳಿಗಳು ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ವಿಚಾರವಿದೆ. ಅದು ಹಳೆಯ ಕನ್ನಡ ಫಾಂಟುಗಳದು. 1998ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ ‘ನುಡಿ’ ಇವೆರಡೂ ಆರಂಭದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುವ ಫಾಂಟುಗಳನ್ನು ಬಳಸಿದವು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬಂದುದು ಬಹಳ ತಡವಾಗಿ. ಆದಕಾರಣ ಮೊದಲ ದಶಕಗಳಲ್ಲಿ ಹಳ್ಳಿಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಬಹುಮಟ್ಟಿಗೆ ಆ ಹಳೆಯ ಫಾಂಟುಗಳಲ್ಲಿಯೇ ಇವೆ.

ಆ ಫಾಂಟನ್ನು ‘ಹಳೆಯ ತಂತ್ರಾಂಶ’ವೆಂದು ತೆಗೆದುಹಾಕಿದೊಡನೆ ಕಡತದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅದನ್ನೂ ಅಳಿಸಿದರೆ ಮಾತ್ರ ನಿಜವಾದ ನಷ್ಟ. ಅಳಿಸದೆ ಉಳಿಸಿದ್ದರೆ ಫಾಂಟನ್ನು ಮತ್ತೆ ಹಾಕಿಯೋ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಯೋ ಪುನಃ ಓದಬಹುದು.

ಇಂತಹ ಕಡತಗಳಲ್ಲಿ ಏನಿರಬಹುದು? 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು 2008ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಗ್ರಾಮಸಭೆಗಳ ನಡಾವಳಿಗಳು, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳ ಹಕ್ಕುಕೋರಿಕೆಗಳು ಗಣಕಯಂತ್ರಗಳನ್ನು ಹೊಕ್ಕಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವನ್ನು ವಿಧಿಸಿದಾಗ ದೇಶಾದ್ಯಂತ ಆ ಕೆಲಸ ಅವಸರದಿಂದ ನಡೆಯಿತು. ಊರಿನ ಮರ, ತಳಿ, ಕೆರೆ, ಔಷಧಿ ಸಸ್ಯಗಳ ಬಗ್ಗೆ ಹಿರಿಯರು ಹೇಳಿದ ಮಾತುಗಳ ಮೂಲ ಟಿಪ್ಪಣಿಗಳು ಯಾವುದೋ ಯಂತ್ರದ ಯಾವುದೋ ಫೋಲ್ಡರ್‌ನಲ್ಲಿರಬಹುದು. ಹೇಳಿದ ಹಿರಿಯರು ಇಂದು ಇಲ್ಲದಿರಬಹುದು. ಪ್ಯಾಕೇಜನ್ನು ನಾಳೆ ಮತ್ತೆ ಇಳಿಸಿಕೊಳ್ಳಬಹುದು. ಆ ಮಾತುಗಳನ್ನು ಇಳಿಸಿಕೊಳ್ಳುವ ಜಾಲತಾಣ ಎಲ್ಲಿಯೂ ಇಲ್ಲ. ಆದ್ದರಿಂದ ಶುಚಿಗೊಳಿಸುವ ದಿನವೇ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ದಿನವೂ ಆಗಬೇಕು. ಮೂಲ ಕಡತವನ್ನೂ ಆ ಫಾಂಟನ್ನೂ ಒಟ್ಟಿಗೆ ಬೇರೆಡೆ ಕಾದಿರಿಸಬೇಕು.

ಬಲವಂತದ ಮುಪ್ಪು

ಎಲ್ಲ ಯಂತ್ರಗಳೂ ತಾವಾಗಿ ಹಳತಾಗುವುದಿಲ್ಲ, ಕೆಲವನ್ನು ಹಳತಾಗಿಸಲಾಗುತ್ತದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ಪೀಳಿಗೆಯ ಪ್ರೊಸೆಸರ್ ಕೂಡ ಬೇಕು. ಇದರಿಂದಾಗಿ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಯಂತ್ರಗಳು ತ್ಯಾಜ್ಯವಾಗಬಹುದೆಂದು ಕೆನಾಲಿಸ್ ಎಂಬ ಸಮೀಕ್ಷಾ ಸಂಸ್ಥೆ 2023ರಲ್ಲಿ ಅಂದಾಜಿಸಿತ್ತು.

ಈ ಅಂಕಿಯ ಹಿಂದಿನ ಭಾರವನ್ನು ಅರಿಯಬೇಕು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಅಂಗುಲದ ತೆರೆಯುಳ್ಳ ಒಂದು ಗಣಕಯಂತ್ರದ ತಯಾರಿಕೆಗೆ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕಗಳು, ಒಂದೂವರೆ ಟನ್ ನೀರು ವ್ಯಯವಾಗುತ್ತಿದ್ದವು. ತಂಬಾಕು ಹದ ಮಾಡುವ ಬ್ಯಾರನ್ನಿಗೆ ಎಷ್ಟು ಸೌದೆ ಉರಿಯಿತೆಂದು ಲೆಕ್ಕ ಹಾಕಬಲ್ಲ ಈ ಸೀಮೆಯ ಜನರಿಗೆ ಇದು ತಿಳಿಯದ ಲೆಕ್ಕವೇನಲ್ಲ. ಎಸೆದ ಮೇಲಿನ ಕಥೆ ಇನ್ನೂ ಕಹಿ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತೆಂದೂ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಅದರಲ್ಲಿ ಶೇ. 22.3 ಮಾತ್ರವೆಂದೂ 2024ರ ಜಾಗತಿಕ ಇ-ತ್ಯಾಜ್ಯ ವರದಿ ತಿಳಿಸುತ್ತದೆ. ಹಳೆಯ ಯಂತ್ರಗಳ ಬೆಸುಗೆಯಲ್ಲಿಯೂ ಗಾಜಿನ ತೆರೆಯಲ್ಲಿಯೂ ಸೀಸವಿದೆ. ತಾಮ್ರಕ್ಕಾಗಿ ಪ್ಲಾಸ್ಟಿಕ್ ತಂತಿಯನ್ನು ಸುಟ್ಟರೆ ಡಯಾಕ್ಸಿನ್ ಹೊರಬೀಳುತ್ತದೆ. ಗುಜರಿಯ ಹಿತ್ತಿಲಲ್ಲಿ ಸುಟ್ಟ ಬೂದಿ ಮಳೆಗಾಲದಲ್ಲಿ ಹಳ್ಳವನ್ನು ಸೇರಿದರೆ, ಆ ಹಳ್ಳ ಲಕ್ಷ್ಮಣತೀರ್ಥಕ್ಕೋ ಕಪಿಲೆಗೋ ಕಾವೇರಿಗೋ ಇಳಿಯುತ್ತದೆ.

ಇಂತಹ ಯಂತ್ರಗಳಿಗೆ ಲಿನಕ್ಸ್ ಎರಡನೆಯ ಆಯುಷ್ಯವನ್ನು ಕೊಡಬಲ್ಲದು. ಇದು ಹಳ್ಳಿಯ ಶಾಲೆಗೆ ನಿಲುಕದ ವಿದ್ಯೆಯೆಂಬ ಆಕ್ಷೇಪಕ್ಕೆ ಉತ್ತರ ಬಹುಕಾಲದಿಂದ ಕಣ್ಣ ಮುಂದಿದೆ. ಹೆಗ್ಗಡದೇವನಕೋಟೆಯ ಬಾವಲಿ ಗಡಿಯನ್ನು ದಾಟಿದರೆ ಸಿಗುವ ವಯನಾಡು ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು 2000ರ ದಶಕದಲ್ಲಿಯೇ ಮುಕ್ತ ತಂತ್ರಾಂಶದತ್ತ ಹೊರಳಿದವು. ಕರ್ನಾಟಕದಲ್ಲಿಯೂ 2011ರಿಂದ ಆರಂಭವಾದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಕೆಯನ್ನು ಕಲಿತರು. ಸರ್ಕಾರಿ ಕಚೇರಿಯ ಕೆಲವು ಕೆಲಸಗಳಿಗೆ ವಿಂಡೋಸ್ ಅನಿವಾರ್ಯವಾಗಬಹುದು. ಓದು, ಬರಹ, ಅರ್ಜಿ ಸಲ್ಲಿಕೆಗೆ ಮೀಸಲಾದ ಗ್ರಂಥಾಲಯ ಹಾಗೂ ಶಾಲೆಯ ಯಂತ್ರಗಳಿಗೆ ಆ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ.

ಲಿನಕ್ಸ್ ಹಾಕಿದೊಡನೆ ಜವಾಬ್ದಾರಿ ಮುಗಿಯಿತೆಂದು ತಿಳಿಯುವುದೂ ತಪ್ಪು. 2012ರಲ್ಲಿ ಬಂದ ಉಬುಂಟು 12.04ರ ಸಾಮಾನ್ಯ ಬೆಂಬಲ 2017ರಲ್ಲಿ, 20.04ರದು 2025ರಲ್ಲಿ ಮುಗಿಯಿತು. ಅಂತಹ ಯಂತ್ರಗಳಲ್ಲಿ ಹಳೆಯ ಪ್ಯಾಕೇಜನ್ನು ಒಂದೊಂದಾಗಿ ಹೆಕ್ಕುವುದಕ್ಕಿಂತ, ಕಡತಗಳನ್ನು ಉಳಿಸಿಕೊಂಡು ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದೇ ಲೇಸು. 32 ಬಿಟ್‌ನ ಬಹಳ ಹಳೆಯ ಯಂತ್ರಗಳಿಗೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಬಾಗಿಲು ಮುಚ್ಚಿದೆ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಮಾತ್ರ. ಆಮೇಲೆ ಅವುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ 2005ರಷ್ಟು ಹಿಂದೆಯೇ ಇಂತಹ ಘಟಕವನ್ನು ಆರಂಭಿಸಿತು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆ. ಕೆಟ್ಟದ್ದನ್ನು ಸರಿಪಡಿಸಿ ಮರಳಿ ಬಳಕೆಗೆ ತರುವ ಪುನಶ್ಚೇತನದ ಉದ್ಯಮವನ್ನೂ ಮಾನ್ಯ ಮಾಡಿವೆ.

ಆಗಬೇಕಾದುದು

ಗಣಕಯಂತ್ರಗಳ ಸರಬರಾಜಿನ ಆದೇಶದಲ್ಲಿಯೇ ವಾರ್ಷಿಕ ಪಾಲನೆ ಹಾಗೂ ಕೊನೆಯಲ್ಲಿ ಹಿಂಪಡೆಯುವ ಷರತ್ತುಗಳಿರಬೇಕು. ಗ್ರಾಮ ಪಂಚಾಯಿತಿಯ ಆಯವ್ಯಯದಲ್ಲಿ ಬ್ಯಾಟರಿ, ಪೆನ್ ಡ್ರೈವ್, ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಲು ಚಿಕ್ಕದೊಂದು ಮೊತ್ತ ಮೀಸಲಾಗಬೇಕು. ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಬೇಕು: ಶುಚಿಗೊಳಿಸಿದ ದಿನ, ತೆಗೆದುಹಾಕಿದ ಪ್ಯಾಕೇಜ್‌ಗಳು, ಬಿಡುವಾದ ಜಾಗ, ಕಡತಗಳ ಪ್ರತಿಯನ್ನು ಇಟ್ಟಿರುವ ಸ್ಥಳ ಇಷ್ಟನ್ನು ಅದರಲ್ಲಿ ಬರೆಯಬೇಕು. ಮುಂದೆ ಬರುವ ಗ್ರಂಥಪಾಲಕರಿಗೂ ಶಿಕ್ಷಕರಿಗೂ ಅದೇ ಕೈದೀವಿಗೆಯಾಗುತ್ತದೆ.

ಸರ್ಕಾರದ ಆದೇಶಕ್ಕೆ ಕಾಯದೆ ಆರಂಭಿಸಬಹುದಾದ ಕೆಲಸವೂ ಇದೆ. ಮೈಸೂರು ಸೀಮೆಯಲ್ಲಿ ಆಯುಧ ಪೂಜೆಯಂದು ನೇಗಿಲು, ಕುಡುಗೋಲು, ಟ್ರ್ಯಾಕ್ಟರುಗಳನ್ನು ತೊಳೆದು ಪೂಜಿಸುತ್ತಾರೆ. ಗಣಕಯಂತ್ರಕ್ಕೆ ಮಾತ್ರ ಒಳಗಿನ ಧೂಳು, ಹೂಳು ಹಾಗೆಯೇ ಇರುವಾಗ ಮೇಲೆ ಚೆಂಡುಹೂವಿನ ಹಾರ ಬೀಳುತ್ತದೆ. ಆ ಹಬ್ಬದ ಹಿಂದಿನ ವಾರವನ್ನು ಪ್ರತಿ ಶಾಲೆ, ಪ್ರತಿ ಅರಿವು ಕೇಂದ್ರ ಗಣಕಯಂತ್ರದ ಶುಚಿಗಾಗಿ ಮೀಸಲಿಡಬೇಕು. ಒಬ್ಬ ಶಿಕ್ಷಕ, ಆಸಕ್ತಿಯುಳ್ಳ ನಾಲ್ಕು ವಿದ್ಯಾರ್ಥಿಗಳು, ಎರಡು ದಿನಗಳ ಬಿಡುವು ಇದ್ದರೆ ಆರಂಭಕ್ಕೆ ಸಾಕು. ಮಲೆಯಂಚಿನ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಈ ವರ್ಷವೇ ತಮ್ಮ ಶಾಲೆಯ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತಿರುವ ಒಂದು ಯಂತ್ರವನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗಲಿ.